ಬೆಂಗಳೂರಿನ ಸ್ಟುಡಿಯೋಗೆ ಹಣ ಕೂಡಿಸಬೇಡಿ, ಬಿಡಿ ಟ್ರ್ಯಾಕುಗಳನ್ನು ಉಳಿಸಿಕೊಳ್ಳಿ

ದಾವಣಗೆರೆಯಲ್ಲಿ ಸೈಕೆಡೆಲಿಕ್ ಪಾಪ್, ಅಂದರೆ ಕನಸಿನಂಥ ವಿಚಿತ್ರ ನಾದಗಳ ಪಾಪ್ ಸಂಗೀತ, ನುಡಿಸುವ ನಾಲ್ವರ ತಂಡ ನಿಮ್ಮದು. ಬೆಂಗಳೂರಿನ ಸ್ಟುಡಿಯೋಗೆ ಹಣ ಕೂಡಿಸಬೇಕೋ, ಮೊದಲು ಆಲ್ಬಮ್ ಹೊರತರುವ ಕಂಪನಿಯನ್ನು ಹುಡುಕಬೇಕೋ ಎಂದು ಕೇಳಿದ್ದೀರಿ. 2000ದ ಆಸುಪಾಸಿನಲ್ಲಿ ಇದೇ ಊರಿನಲ್ಲಿ ನಮ್ಮದೂ ಅಂಥದೇ ತಂಡವಿತ್ತು. ಮಂಡಿಪೇಟೆಯ ಹಿಂದೆ ಗೆಳೆಯನೊಬ್ಬನ ಮನೆಯವರ ಖಾಲಿ ಗೋದಾಮು, ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ (ಬೇರೆಬೇರೆಯಾಗಿ ಉಳಿಯುವ ಧ್ವನಿಪದರ) ಮುದ್ರಿಸುವ ಹಳೆಯ ಯಂತ್ರ, ಗಿಟಾರ್, ಬೇಸ್, ತಬಲಾ, ಮತ್ತು ನಾಟಕ ಕಂಪನಿಗಳಲ್ಲಿ ನುಡಿಸುತ್ತಿದ್ದ ಮಾಸ್ತರರೊಬ್ಬರ, ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ನಮ್ಮ ಬಂಡವಾಳವಾಗಿದ್ದವು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರಿನಲ್ಲಿ ಆ ವಾದ್ಯಕ್ಕೆ ಬರವಿರಲಿಲ್ಲ, ಮತ್ತು ಅದರ ನಾದ ನಮ್ಮ ಹಾಡುಗಳಿಗೆ ಯಾವ ವಿದೇಶಿ ಆರ್ಗನ್ನಿಗಿಂತಲೂ ಚೆನ್ನಾಗಿ ಹೊಂದುತ್ತಿತ್ತು.

ನಮ್ಮನ್ನು ಮುಳುಗಿಸಿದ್ದು ಊರೂ ಅಲ್ಲ, ಯಂತ್ರವೂ ಅಲ್ಲ, ಒಂದೇ ಒಂದು ತಪ್ಪು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಗಿಟಾರ್, ಬೇಸ್‌ಗಳನ್ನು ಒಂದಕ್ಕೊಂದು ಶ್ರುತಿ ಮಾಡಿಕೊಂಡೆವೇ ಹೊರತು ಹಾರ್ಮೋನಿಯಂಗೆ ಹೊಂದಿಸಲಿಲ್ಲ. ಹಾರ್ಮೋನಿಯಂನ ಶ್ರುತಿಯನ್ನು ಕುಳಿತಲ್ಲೇ ಬದಲಿಸಲು ಬರುವುದಿಲ್ಲವಾದ್ದರಿಂದ, ಯಂತ್ರದಲ್ಲಿ ಟೇಪಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ತಿರುಗಿಸಿ, ಕಿವಿಯ ಅಂದಾಜಿನಲ್ಲಿ ಗಿಟಾರನ್ನೇ ಹಾರ್ಮೋನಿಯಂ ಹತ್ತಿರಕ್ಕೆ ತಂದೆವು. ಹತ್ತಿರ ಬಂದಿತು, ಕೂಡಲಿಲ್ಲ. ಒಂದು ಸ್ವರ 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ), ಇನ್ನೊಂದು 443 ಹರ್ಟ್ಸ್ ಇದ್ದರೆ ಸೆಕೆಂಡಿಗೆ 3 ಸಲ ನಾದ ಏರಿಳಿಯುತ್ತದೆ. ಹೆಡ್‌ಫೋನಿನಲ್ಲಿ ಆ ಅಲೆ ನಮಗೆ ಅದ್ಭುತವೆನಿಸಿತು. ಇದೇ ನಮ್ಮ ಸೈಕೆಡೆಲಿಯಾ ಎಂದುಕೊಂಡೆವು. ಆದರೆ ಮೇಲಿನ ಸಪ್ತಕಕ್ಕೆ ಹೋದಾಗ ಅದೇ ವ್ಯತ್ಯಾಸ ದುಪ್ಪಟ್ಟಾಗಿ ಅಲೆ 6ಕ್ಕೇರುತ್ತದೆ, ಮಾಧುರ್ಯ ಹೋಗಿ ಅಪಶ್ರುತಿ ಉಳಿಯುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಸಂಜೆ ಕುಳಿತು ಹಾರ್ಮೋನಿಯಂ ಮಾತ್ರ ಮತ್ತೆ ನುಡಿಸಿ ಸರಿಪಡಿಸಬಹುದಿತ್ತು. ಆದರೆ ನಾವು ವಾದ್ಯಗಳಿದ್ದ ಮೂರು ಟ್ರ್ಯಾಕುಗಳನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿದೆವು, ದನಿಗಳಿಗೆ ಜಾಗ ಬೇಕೆಂದು ಮೂಲದ ಮೂರನ್ನೂ ಅಳಿಸಿ ಅವುಗಳ ಮೇಲೆಯೇ ಹಾಡಿದೆವು. ಹಿಟ್ಟಿನಲ್ಲಿ ಕಲಸಿದ ಬೆಲ್ಲದಂತೆ ಹಾರ್ಮೋನಿಯಂ ಇನ್ನು ಬೇರೆಯಾಗಲಾರದು. ಗಾಯಕ ಒಂದು ಸಾಲನ್ನು ಗಿಟಾರಿನ ಷಡ್ಜಕ್ಕೆ, ಮುಂದಿನದನ್ನು ಹಾರ್ಮೋನಿಯಂನ ಷಡ್ಜಕ್ಕೆ ಹಾಡಿದ್ದ. ಇಡೀ ಆಲ್ಬಮ್ಮನ್ನು ಹೀಗೆಯೇ ಮುಗಿಸಿದೆವು. ಬೆಂಗಳೂರಿನ ಸಣ್ಣ ಕ್ಯಾಸೆಟ್ ಕಂಪನಿಯೊಂದು ಹಾಡುಗಳನ್ನು ಮೆಚ್ಚಿ, ಹಾರ್ಮೋನಿಯಂ ತಗ್ಗಿಸಿ ಹೊಸದಾಗಿ ಮಿಕ್ಸ್ ಮಾಡುತ್ತೇವೆ, ಬಿಡಿ ಟ್ರ್ಯಾಕುಗಳನ್ನು ಕೊಡಿ ಎಂದು ಕೇಳಿದಾಗ ನಮ್ಮಲ್ಲಿ ಕೊಡಲು ಏನೂ ಇರಲಿಲ್ಲ. ಅಷ್ಟರಲ್ಲಿ ಮಾಸ್ತರರು ನಾಟಕದ ಕ್ಯಾಂಪಿಗೆ ಹೊರಟುಹೋಗಿದ್ದರು, ತಬಲಾ ನುಡಿಸುವವನಿಗೆ ಹೊರರಾಜ್ಯದಲ್ಲಿ ಕೆಲಸ ಸಿಕ್ಕಿತ್ತು. ನಮ್ಮ ತಂಡದ ಧ್ವನಿಮುದ್ರಣ ಅಲ್ಲಿಗೇ ಮುಗಿಯಿತು.

ಬೀಟಲ್ಸ್ ತಂಡವೂ 1967ರಲ್ಲಿ ಹೊರಬಂದ ಸಾರ್ಜೆಂಟ್ ಪೆಪ್ಪರ್ಸ್ ಆಲ್ಬಮ್ಮನ್ನು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ, ಹೀಗೆ ಬೆರೆಸಿ ಇಳಿಸುತ್ತಲೇ ಮಾಡಿತು. ಆದರೆ ಲಂಡನ್ನಿನ ಇಎಂಐ ಸ್ಟುಡಿಯೋದವರು ಬೆರಕೆಯನ್ನು ಇನ್ನೊಂದು ಯಂತ್ರದ ಟೇಪಿಗೆ ಇಳಿಸಿ ಮೊದಲ ಟೇಪನ್ನು ಜೋಪಾನ ಮಾಡಿದರು. 2017ರಲ್ಲಿ ನಿರ್ಮಾಪಕ ಜೈಲ್ಸ್ ಮಾರ್ಟಿನ್ ಆ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಲು ಸಾಧ್ಯವಾದದ್ದು ಆ ಮೊದಲ ಟೇಪುಗಳಿಂದ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದಾವಣಗೆರೆಯಲ್ಲಿದ್ದರೆ ತಂಡ ಬೆಳೆಯದು ಎಂಬ ನಿಮ್ಮ ಮೂಲ ಗ್ರಹಿಕೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮಂತೆಯೇ ಸೈಕೆಡೆಲಿಕ್ ಪಾಪ್ ನುಡಿಸಿದ ಒಲಿವಿಯಾ ಟ್ರೆಮರ್ ಕಂಟ್ರೋಲ್ ತಂಡದ ಬೇರು ಇರುವುದು ಅಮೆರಿಕದ ಲೂಯಿಸಿಯಾನಾದ ರಸ್ಟನ್ ಎಂಬ ಸಣ್ಣ ಊರಿನ ಶಾಲಾ ಗೆಳೆತನದಲ್ಲಿ. ಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳನ್ನು ಆ ಹುಡುಗರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಮುಂದೆ ಅವರು ನೆಲೆಸಿದ್ದು ಮಹಾನಗರದಲ್ಲಲ್ಲ, ಜಾರ್ಜಿಯಾದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಪಟ್ಟಣದಲ್ಲಿ. 1996ರಲ್ಲೊಂದು, 1999ರಲ್ಲೊಂದು ಆಲ್ಬಮ್ ಹೊರತಂದು 2000ದಲ್ಲಿ ತಂಡ ಒಡೆಯಿತು. ಅವರ ಹೆಸರನ್ನು ಇಂದಿಗೂ ಉಳಿಸಿರುವುದು ಆ ಎರಡು ಆಲ್ಬಮ್‌ಗಳೇ. ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಗಡಿಯಾರ ನೋಡುತ್ತ ಇಂಥ ಸಂಗೀತ ಹುಟ್ಟದು. ಒಂದು ಶಬ್ದವನ್ನು ರಾತ್ರಿಯಿಡೀ ಬೆನ್ನಟ್ಟುವ ಸ್ವಾತಂತ್ರ್ಯ ಅದಕ್ಕೆ ಬೇಕು, ಅದು ನಿಮಗೆ ಊರಿನಲ್ಲಿಯೇ ಇದೆ. ಬೋರ್‌ವೆಲ್ ಮೋಟಾರುಗಳು ನಿಂತ ಮೇಲೆ ಮುದ್ರಿಸಿ.

ಶ್ರುತಿ ಬದಲಿಸಲಾಗದ ವಾದ್ಯವನ್ನೇ ಮೊದಲು ಮುದ್ರಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ. ಪ್ರತಿಧ್ವನಿಯಂಥ ಪರಿಣಾಮಗಳನ್ನು ಮೂಲ ಮುದ್ರಣದಲ್ಲಿ ಸೇರಿಸಬೇಡಿ. 24 ಬಿಟ್, 48 ಕಿಲೋಹರ್ಟ್ಸ್‌ನ ಒಳ್ಳೆಯ ಗುಣಮಟ್ಟದಲ್ಲಿ ಕಂಪ್ಯೂಟರಿನಲ್ಲಿ ಮುದ್ರಿಸಿದರೂ ನಾಲ್ಕು ನಿಮಿಷದ ಒಂದು ಮೋನೋ (ಒಂದೇ ವಾಹಿನಿಯ) ಟ್ರ್ಯಾಕ್ ಸುಮಾರು 35 ಎಂ.ಬಿ. ಆಗುತ್ತದೆ, 20 ಟ್ರ್ಯಾಕಿನ ಹಾಡು 700 ಎಂ.ಬಿ. ಇಂದು ಇದು ದೊಡ್ಡ ಜಾಗವಲ್ಲ. ಎರಡು ಬೇರೆ ಡಿಸ್ಕುಗಳಲ್ಲಿ, ಇಬ್ಬರ ಮನೆಗಳಲ್ಲಿ ಇಡಿ.

ಕಂಪನಿಯನ್ನು ಆಲ್ಬಮ್ ಪೂರ್ತಿಯಾದ ಮೇಲೆ ಹುಡುಕಿ. ಒಪ್ಪಂದಕ್ಕೆ ಸಹಿ ಹಾಕುವಾಗ ಮಿಕ್ಸ್ ಮಾಡಿದ ಹಾಡುಗಳನ್ನು ಮಾತ್ರ ಬಿಟ್ಟುಕೊಡಿ. ಬಿಡಿ ಟ್ರ್ಯಾಕುಗಳ ಒಡೆತನ ತಂಡದಲ್ಲೇ ಉಳಿಯುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.