ಹೊರಬೀಳುವಷ್ಟು ಶಕ್ತಿಯಿದ್ದರೂ ಪ್ರೋಟಾನ್ ತಡೆದು ನಿಲ್ಲುವುದೇಕೆ?

ಪ್ರಶ್ನೆ: ಕೆಲವು ಅಸ್ಥಿರ ನ್ಯೂಕ್ಲಿಯಸ್‌ಗಳು ಆಲ್ಫಾ, ಬೀಟಾ ಬಿಟ್ಟು ನೇರವಾಗಿ ಪ್ರೋಟಾನನ್ನೇ ಹೊರಹಾಕುತ್ತವಂತೆ. ಹಿಡಿದಿಡಲಾಗದ ಪ್ರೋಟಾನ್ ಹುಟ್ಟಿದ ಕ್ಷಣವೇ ಹೊರಬೀಳಬೇಕಲ್ಲವೇ? ಅರ್ಧಾಯುಷ್ಯ ಅಳೆಯುವಷ್ಟು ಹೊತ್ತು ಒಳಗಿರುವುದು ಹೇಗೆ? ಅದನ್ನು ಗುರುತಿಸುವುದು ಹೇಗೆ?

ಉತ್ತರ: ಲುಟೀಷಿಯಂ-151 ಅನ್ನೇ ನೋಡೋಣ. ಪ್ರಕೃತಿಯಲ್ಲಿ ಸಿಗುವ ಲುಟೀಷಿಯಂ-175ಕ್ಕಿಂತ ಇದರಲ್ಲಿ 24 ನ್ಯೂಟ್ರಾನ್ ಕಡಿಮೆ. ಹಾಗಾಗಿ ಕೊನೆಯ ಪ್ರೋಟಾನಿಗೆ ಬಂಧನವೇ ಇಲ್ಲ; ಸುಮಾರು 1.23 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯೊಂದಿಗೆ ಹೊರಬರುತ್ತದೆ. ಆದರೂ ಅರ್ಧಾಯುಷ್ಯ ಸುಮಾರು 80 ಮಿಲಿಸೆಕೆಂಡ್. ನ್ಯೂಕ್ಲಿಯಸ್‌ನ ಅಳತೆಯಲ್ಲಿ ಇದೊಂದು ಯುಗ.

ತಡೆಯುವುದು ವಿದ್ಯುತ್ ವಿಕರ್ಷಣೆಯ ಗೋಡೆ, ಅಂದರೆ ಕೂಲಂಬ್ ತಡೆ. ನ್ಯೂಕ್ಲಿಯಸ್‌ನ ತ್ರಿಜ್ಯ ಸುಮಾರು 6.4 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು), ಈ ಶಕ್ತಿಯ ಪ್ರೋಟಾನ್ ಗೋಡೆ ದಾಟಿ ಸ್ವತಂತ್ರವಾಗುವುದು ಸುಮಾರು 80 ಫೆಮ್ಟೋಮೀಟರ್ ದೂರದಲ್ಲಿ. ನಡುವಿನ ಅಷ್ಟೂ ದೂರವನ್ನು ಅದು ಕ್ವಾಂಟಮ್ ಸುರಂಗದ ಮೂಲಕವೇ, ಅಂದರೆ ಗೋಡೆ ಹತ್ತುವಷ್ಟು ಶಕ್ತಿಯಿಲ್ಲದೆಯೂ ಅದರೊಳಗಿಂದ ತೂರಿ ಹೋಗುವ ಅಲ್ಪ ಸಾಧ್ಯತೆಯಿಂದಲೇ, ದಾಟಬೇಕು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ ಕಾರಣ ಈ ಗೋಡೆಯೂ ಇಲ್ಲ.

ಶಕ್ತಿ ತುಸು ಬದಲಾದರೂ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ 0.1 ಎಂಇವಿ ಹೆಚ್ಚಾದರೆ ಅರ್ಧಾಯುಷ್ಯ ಸುಮಾರು ಹತ್ತು ಪಟ್ಟು ಇಳಿಯುತ್ತದೆ. ಶಕ್ತಿ ತೀರ ಕಡಿಮೆಯಾದರೆ ಬೀಟಾ ಕ್ಷಯವೇ ಮೊದಲು ಮುಗಿದುಹೋಗುತ್ತದೆ. ಪ್ರೋಟಾನ್ ಕ್ಷಯ ಕಣ್ಣಿಗೆ ಬೀಳುವ ಕಿಟಕಿ ಅಷ್ಟು ಕಿರಿದು.

ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಸೊಗಸು ಇರುವುದು ಕೋನೀಯ ಸಂವೇಗದಲ್ಲಿ. ಪ್ರೋಟಾನ್ ಸುತ್ತುತ್ತಿದ್ದರೆ ಕೂಲಂಬ್ ಗೋಡೆಯ ಮೇಲೆ ಅಪಕೇಂದ್ರ ಗೋಡೆಯೊಂದು ಸೇರುತ್ತದೆ. ಲುಟೀಷಿಯಂ-151ರಲ್ಲಿ ಪ್ರೋಟಾನ್ ಒಯ್ಯುವ ಕೋನೀಯ ಸಂವೇಗ ಸೊನ್ನೆ ಎಂದುಕೊಂಡು ಲೆಕ್ಕ ಹಾಕಿದರೆ ಅರ್ಧಾಯುಷ್ಯ ಅಳೆದದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಬರುತ್ತದೆ. 5 (ಕೋನೀಯ ಸಂವೇಗದ ಕ್ವಾಂಟಮ್ ಏಕಮಾನದಲ್ಲಿ) ಎಂದುಕೊಂಡರೆ ಹತ್ತಿರ ಹೊಂದುತ್ತದೆ. ಅಂದರೆ ಶಕ್ತಿ ಮತ್ತು ಅರ್ಧಾಯುಷ್ಯ ಎರಡನ್ನೇ ಅಳೆದು, ಪ್ರೋಟಾನ್ ಯಾವ ಕಕ್ಷೆಯಿಂದ ಹೊರಟಿತೆಂದು ಹೇಳಬಹುದು!

ಇನ್ನು ಗುರುತಿಸುವ ಬಗೆ. 1970ರಲ್ಲಿ ಕೋಬಾಲ್ಟ್-53ರ ಉದ್ರಿಕ್ತ (ಹೆಚ್ಚು ಶಕ್ತಿಯ) ಸ್ಥಿತಿಯೊಂದರಲ್ಲಿ ಪ್ರೋಟಾನ್ ಕ್ಷಯ ಮೊದಲು ಕಂಡಿತ್ತು. ತಳ ಸ್ಥಿತಿಯಿಂದಲೇ (ಅತಿ ಕಡಿಮೆ ಶಕ್ತಿಯ ಸ್ಥಿತಿ) ಪ್ರೋಟಾನ್ ಹೊರಬರುವುದು ಖಚಿತವಾದದ್ದು 1980ರ ದಶಕದ ಆರಂಭದಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಅಲ್ಲಿ ನಿಕಲ್-58 ಅಯಾನುಗಳನ್ನು ರುಥೇನಿಯಂ-96ಕ್ಕೆ ಹೊಡೆದರು. ಎರಡೂ ಬೆಸೆದು ಹಾಫ್ನಿಯಂ-154 ಆಗಿ, ಅದರಿಂದ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್ ಹಾರಿಹೋದರೆ ಉಳಿಯುವುದೇ ಲುಟೀಷಿಯಂ-151. ಅದನ್ನು ವೇಗದ ಆಧಾರದಲ್ಲಿ ಮೂಲ ಕಿರಣದಿಂದ ಬೇರ್ಪಡಿಸಿ ಸಿಲಿಕಾನ್ ಡಿಟೆಕ್ಟರಿನೊಳಗೆ ನೆಟ್ಟು, ಕ್ಷಯಕ್ಕೆ ಕಾಯಬೇಕು.

ಮುಂದೆ ಎರಡೂ ಮುಖಗಳಲ್ಲಿ ಅಡ್ಡ-ಉದ್ದ ಪಟ್ಟಿಗಳಿರುವ ಡಿಟೆಕ್ಟರುಗಳು ಬಂದವು. 48 ಅಡ್ಡ, 48 ಉದ್ದ ಪಟ್ಟಿಗಳಿದ್ದರೆ 2,304 ಚೌಕಗಳು. ನ್ಯೂಕ್ಲಿಯಸ್ ಬಂದು ಕೂತ ಚೌಕದಲ್ಲೇ ಮುಂದಿನ ಸಂಕೇತ ಬಂದರೆ ಅದು ಅದರದೇ ಕ್ಷಯ ಎಂದು ಜೋಡಿಸಬಹುದು. ತಪ್ಪುವುದೂ ಇಲ್ಲೇ. ಸೆಕೆಂಡಿಗೆ ಸಾವಿರ ನ್ಯೂಕ್ಲಿಯಸ್‌ಗಳು ಸಮನಾಗಿ ಹರಡಿ ಬಂದರೆ ಒಂದು ಚೌಕಕ್ಕೆ ಸರಾಸರಿ 2.3 ಸೆಕೆಂಡಿಗೊಂದು. 80 ಮಿಲಿಸೆಕೆಂಡಿಗೆ ಇದು ಧಾರಾಳ. ಅರ್ಧಾಯುಷ್ಯ ಒಂದೆರಡು ಸೆಕೆಂಡಿದ್ದರೆ ಒಂದರ ಕ್ಷಯ ಇನ್ನೊಂದರ ಲೆಕ್ಕಕ್ಕೆ ಸೇರಿಬಿಡುತ್ತದೆ. ತೀರ ಅಲ್ಪಾಯುವಾದರೆ ಬೇರೆಯೇ ತೊಂದರೆ: ನ್ಯೂಕ್ಲಿಯಸ್ ನೆಟ್ಟಾಗಿನ ದೊಡ್ಡ ಸಂಕೇತದಿಂದ ಆಂಪ್ಲಿಫೈಯರ್ ಚೇತರಿಸಿಕೊಳ್ಳುವ ಮೊದಲೇ ಪ್ರೋಟಾನ್ ಹೊರಟುಹೋಗಿರುತ್ತದೆ.

ಸಿಲಿಕಾನಿನಲ್ಲಿ ಈ ಪ್ರೋಟಾನ್ ಸುಮಾರು 20 ಮೈಕ್ರೋಮೀಟರ್ ಹೋಗಿ ನಿಲ್ಲುತ್ತದೆ. ಆದ್ದರಿಂದ 60-70 ಮೈಕ್ರೋಮೀಟರ್ ದಪ್ಪದ ತೆಳು ಡಿಟೆಕ್ಟರ್ ಸಾಕು, ಅದೇ ಒಳ್ಳೆಯದೂ ಹೌದು: ಬೀಟಾ ಕ್ಷಯದಿಂದ ಬರುವ ಪಾಸಿಟ್ರಾನುಗಳು (ಧನ ವಿದ್ಯುದಂಶದ ಎಲೆಕ್ಟ್ರಾನುಗಳು) ಅದರಲ್ಲಿ ಅಲ್ಪ ಶಕ್ತಿಯನ್ನಷ್ಟೇ ಬಿಟ್ಟುಹೋಗುತ್ತವೆ. ನ್ಯೂಕ್ಲಿಯಸ್ ಮೇಲ್ಮೈಯ ಹತ್ತಿರವೇ ಕೂತಿದ್ದರೆ ಕೆಲವು ಪ್ರೋಟಾನುಗಳು ಅರ್ಧದಲ್ಲೇ ಆಚೆ ಜಾರುತ್ತವೆ. ಅವು ಕಡಿಮೆ ಶಕ್ತಿಯವಾಗಿ ದಾಖಲಾಗುತ್ತವೆ.

ಬೀಟಾ ಕ್ಷಯದ ಬೆನ್ನಿಗೇ ಹೊರಡುವ ಪ್ರೋಟಾನುಗಳೂ ಉಂಟು. ಭಾರವಾದ ನ್ಯೂಕ್ಲಿಯಸ್‌ಗಳಲ್ಲಿ ಅವು ಹಲವು ಸ್ಥಿತಿಗಳಿಂದ ಬರುವುದರಿಂದ ಶಕ್ತಿ ಅಗಲವಾಗಿ ಹರಡಿರುತ್ತದೆ. ನೇರ ಪ್ರೋಟಾನ್ ಕ್ಷಯದ್ದು ಒಂದೇ ಚೂಪು ಶಿಖರ. ಆ ಶಿಖರದ ಶಕ್ತಿಯನ್ನು ಆಲ್ಫಾ ಮೂಲದಿಂದ (ಗೊತ್ತಿರುವ ಶಕ್ತಿಯ ಆಲ್ಫಾ ಕಣಗಳನ್ನು ಹೊರಸೂಸುವ ವಸ್ತು) ಮಾತ್ರ ಅಳತೆಗೆ ಹೊಂದಿಸಿದರೆ ತುಸು ತಪ್ಪುತ್ತದೆ, ಏಕೆಂದರೆ ಆಲ್ಫಾ ಮತ್ತು ಪ್ರೋಟಾನಿಗೆ ಸಿಲಿಕಾನ್ ಸ್ಪಂದಿಸುವ ರೀತಿ ಪೂರ್ತಿ ಒಂದೇ ಅಲ್ಲ. ಮೊದಲೇ ಗೊತ್ತಿರುವ ಪ್ರೋಟಾನ್ ಶಿಖರದಿಂದ ಹೊಂದಿಸುವುದೇ ಸರಿ.