ಸಂಪಾದಕರ ಉತ್ತರ: ಲಿಂಡ್ರೋಸ್ ಬಿದ್ದ ಆ ಡಿಕ್ಕಿ ನಿಯಮದೊಳಗಿತ್ತೇ?

ಬ್ರಹ್ಮಾವರದ ಮಾನ್ಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಐಸ್ ಹಾಕಿ ಲೇಖನದ ಚಿತ್ರದಡಿ ನಾವು ‘ಕಳಂಕವಿಲ್ಲದ ಡಿಕ್ಕಿ’ ಎಂದು ಅಚ್ಚು ಮಾಡಿದ್ದನ್ನು ತಾವು ಆಕ್ಷೇಪಿಸಿದ್ದೀರಿ. 2000ನೇ ಇಸವಿಯ ಮೇ 26ರಂದು ಫಿಲಡೆಲ್ಫಿಯಾದಲ್ಲಿ ನಡೆದ ಪಂದ್ಯದಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡದ ಸ್ಕಾಟ್ ಸ್ಟೀವನ್ಸ್ ಅವರು ಫ್ಲೈಯರ್ಸ್ ತಂಡದ ಎರಿಕ್ ಲಿಂಡ್ರೋಸ್ ಅವರನ್ನು ಭುಜ ಕೊಟ್ಟು ಕೆಡವಿದ ಕ್ಷಣದ ಚಿತ್ರವದು. ಟೊರಾಂಟೊದಲ್ಲಿರುವ ತಮ್ಮ ಮಗಳು ಕಳುಹಿಸಿದ ವೀಡಿಯೊದಲ್ಲಿ ತಾವು ಅದನ್ನು ಹಲವು ಸಲ ನೋಡಿದ್ದೀರಿ. ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಕಬಡ್ಡಿ ಕಲಿಸಿದ ದೈಹಿಕ ಶಿಕ್ಷಕರಾಗಿ ತಾವು ಕೇಳಿರುವುದು ಇಷ್ಟು: ಮನುಷ್ಯನೊಬ್ಬ ಮತ್ತೆ ಏಳಲಾಗದಂತೆ ಅವನ ದವಡೆಗೆ ಬಿದ್ದ ಹೊಡೆತ ನಿಯಮಬದ್ಧ ಹೇಗಾಗುತ್ತದೆ? ರೆಫರಿ ಸೀಟಿ ಊದಲಿಲ್ಲ ಎಂಬುದೊಂದೇ ಅದಕ್ಕೆ ಸಾಕೇ?

ಸಾಕಾಗುವುದಿಲ್ಲ, ಈ ಮಾತಿನಲ್ಲಿ ನಾನು ಸಂಪೂರ್ಣವಾಗಿ ತಮ್ಮ ಕಡೆಗಿದ್ದೇನೆ. 2012ರ ಏಪ್ರಿಲ್‌ನಲ್ಲಿ ರಫಿ ಟೊರೆಸ್ ಎಂಬ ಆಟಗಾರರು ಶಿಕಾಗೊ ತಂಡದ ಮರಿಯನ್ ಹೋಸಾ ಅವರಿಗೆ ಡಿಕ್ಕಿ ಕೊಟ್ಟಾಗಲೂ ಮೈದಾನದಲ್ಲಿ ಪೆನಾಲ್ಟಿ ಬರಲಿಲ್ಲ. ಹೋಸಾ ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ಆಮೇಲೆ ವೀಡಿಯೊ ಪರಿಶೀಲಿಸಿದ ನ್ಯಾಷನಲ್ ಹಾಕಿ ಲೀಗ್ (ಈ ತಂಡಗಳೆಲ್ಲ ಆಡುವ ಅಮೆರಿಕ-ಕೆನಡಾದ ವೃತ್ತಿಪರ ಲೀಗ್) ಟೊರೆಸ್ ಅವರಿಗೆ 25 ಪಂದ್ಯಗಳ ನಿಷೇಧ ಹೇರಿತು. ಮೇಲ್ಮನವಿಯಲ್ಲಿ ಅದು 21ಕ್ಕೆ ಇಳಿಯಿತು. ಆದ್ದರಿಂದ ಸೀಟಿ ಕೇಳಿಸದಿದ್ದುದನ್ನು ಸ್ಟೀವನ್ಸ್ ಪರವಾದ ಸಾಕ್ಷಿಯೆಂದು ನಾನು ಮುಂದಿಡುವುದಿಲ್ಲ.

ಆದರೆ ತಾವು ಹಿಡಿದಿರುವ ಇನ್ನೊಂದು ಅಳತೆಗೋಲನ್ನು, ಅಂದರೆ ಬಿದ್ದವನಿಗೆ ಎಷ್ಟು ಪೆಟ್ಟಾಯಿತು ಎಂಬುದನ್ನು, ನಾನು ಒಪ್ಪಲಾರೆ. ಅದೇ ಸ್ಟೀವನ್ಸ್ 2003ರಲ್ಲಿ ಆ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಫೈನಲ್‌ನ ಆರನೇ ಪಂದ್ಯದಲ್ಲಿ ಅನಾಹೈಮ್ ತಂಡದ ಪಾಲ್ ಕರಿಯಾ ಅವರನ್ನು ಅಂಗಣದ ನಡುವೆಯೇ ಕೆಡವಿದರು. ಕರಿಯಾ ಕೆಲ ಹೊತ್ತು ಅಲುಗಾಡದೆ ಬಿದ್ದಿದ್ದರು, ಒಳಗೆ ಹೋದರು, ಅದೇ ಪಂದ್ಯಕ್ಕೆ ಮರಳಿ ಬಂದು ಗೋಲು ಕೂಡ ಹೊಡೆದರು. ಲಿಂಡ್ರೋಸ್ ಅವರಾದರೋ ಮುಂದಿನ ಇಡೀ ಋತು ಆಡಲಿಲ್ಲ. ಪೆಟ್ಟಿನ ಅಳತೆಯಲ್ಲಿ ನೋಡಿದರೆ ಲಿಂಡ್ರೋಸ್ ಪ್ರಕರಣವೇ ಘೋರ. ಆದರೂ ಎರಡರಲ್ಲಿ ನಿಯಮಕ್ಕೆ ಹೆಚ್ಚು ಹೊರಗಿದ್ದುದು ಕರಿಯಾ ಅವರಿಗೆ ಬಿದ್ದ ಡಿಕ್ಕಿ ಎಂದು ನಾನು ದೃಢವಾಗಿ ನಂಬುತ್ತೇನೆ. ಏಕೆಂದರೆ ಕರಿಯಾ ಆಗಲೇ ಪಕ್ ಅನ್ನು (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಬೇರೆಯವರಿಗೆ ದಾಟಿಸಿ ಆಗಿತ್ತು. ಪಕ್ ಇರುವವನಿಗೆ, ಇಲ್ಲವೇ ಅದನ್ನು ಆಗಷ್ಟೇ ಬಿಟ್ಟವನಿಗೆ ಮಾತ್ರ ಮೈಯಿಂದ ಡಿಕ್ಕಿ ಕೊಡಬಹುದು. ಆ ಕ್ಷಣ ದಾಟಿದ ಮೇಲೆ ಕೊಟ್ಟದ್ದು ತಡವಾದ ಹೊಡೆತವಾಗುತ್ತದೆ.

ಲಿಂಡ್ರೋಸ್ ಬಳಿ ಪಕ್ ಇತ್ತು. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆ ದಾಟಿ, ತಲೆ ತಗ್ಗಿಸಿ, ಪಕ್ ಅನ್ನು ಹತೋಟಿಗೆ ತಂದುಕೊಳ್ಳುತ್ತ ಅವರು ಅಂಗಣದ ನಡುವಿಗೆ ತಿರುಗಿದರು. ಸ್ಟೀವನ್ಸ್ ಎದುರಿನಿಂದ ಅಡ್ಡ ಬಂದರು. ತಗಲಿದ್ದು ಮೊಣಕೈ ಅಲ್ಲ, ಕೋಲೂ ಅಲ್ಲ, ಭುಜ. ಬಹು ದೂರದಿಂದ ಓಡಿ ಬಂದು ಎರಗುವುದನ್ನೂ ಹಾರಿ ಬೀಳುವುದನ್ನೂ ನಿಯಮ ಬೇರೆಯಾಗಿಯೇ ನಿಷೇಧಿಸಿದೆ; ಇಲ್ಲಿ ಅವೆರಡೂ ನನಗೆ ಕಾಣುವುದಿಲ್ಲ. ಈ ಉತ್ತರ ಬರೆಯುವ ಮೊದಲು ಮಂಗಳೂರಿನ ನಮ್ಮ ಕಚೇರಿಯಲ್ಲಿ ಎಲ್ಲರೂ ಸೇರಿ ಆ ದೃಶ್ಯವನ್ನು ಮತ್ತೆ ನೋಡಿದೆವು. ಮೊದಲು ಅದರ ನಿಜವಾದ ವೇಗದಲ್ಲಿ ನೋಡಿದೆವು. ನಿಧಾನಗತಿಯಲ್ಲಿ ನೋಡಿದರೆ ಎಲ್ಲ ಡಿಕ್ಕಿಯೂ ಯೋಚಿಸಿ ಮಾಡಿದಂತೆ ತೋರುತ್ತದೆ, ಹೊಡೆಯುವವನಿಗೆ ಇಲ್ಲದ ಸಮಯ ನೋಡುವವನಿಗೆ ಸಿಗುತ್ತದೆ. ಅಂಗಣದ ಸುತ್ತಲಿನ ಗೋಡೆಯಾದ ಬೋರ್ಡಿನ ಬದಿಯಲ್ಲಿ ನಡೆಯುವ ತಳ್ಳಾಟಕ್ಕಿಂತ ಬಯಲಿನ ಡಿಕ್ಕಿ ಭೀಕರವಾಗಿ ಕಾಣುವುದಕ್ಕೆ ಕಾರಣವೂ ಸರಳ: ಎದುರುಬದುರಾಗಿ ಜಾರಿ ಬರುವ ಇಬ್ಬರ ವೇಗವೂ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಭೀಕರವಾಗಿ ಕಂಡದ್ದೆಲ್ಲ ಅಕ್ರಮವಲ್ಲ.

ಇಷ್ಟು ಹೇಳಿದ ಮೇಲೂ ತಮ್ಮ ಪತ್ರದ ತಿರುಳು ಉಳಿದೇ ಇದೆ: ತಲೆ. ತಮ್ಮ ಅಂಗಣದ ಮಾತಿನಲ್ಲೇ ಹೇಳುವುದಾದರೆ, ಗೆರೆಯ ಅಂಚಿಗೆ ಬಂದ ರೈಡರ್‌ಗೆ ಡ್ಯಾಶ್ ಕೊಟ್ಟು ಹೊರಗೆ ಹಾಕಿದರೆ ಯಾರೂ ತಕರಾರು ಎತ್ತುವುದಿಲ್ಲ. ಹಿಡಿಯುವುದಾದರೆ ಕೈಕಾಲು ಇಲ್ಲವೇ ಮುಂಡವನ್ನು ಮಾತ್ರ ಹಿಡಿಯಬೇಕು, ಕುತ್ತಿಗೆಗೆ ಕೈ ಹಾಕಿದರೆ ಅಂಪೈರ್ ಬಿಡುವುದಿಲ್ಲ. ದೇಹದ ಯಾವ ಭಾಗ ಆಟಕ್ಕೆ ಸೇರಿದ್ದು, ಯಾವುದು ಸೇರಿದ್ದಲ್ಲ ಎಂಬುದನ್ನು ಕಬಡ್ಡಿ ಸ್ಪಷ್ಟವಾಗಿ ವಿಂಗಡಿಸಿದೆ. 2000ದಲ್ಲಿ ಆ ಲೀಗ್‌ನ ನಿಯಮಪುಸ್ತಕದಲ್ಲಿ ಅಂಥ ವಿಂಗಡಣೆ ಇರಲಿಲ್ಲ. ಭುಜದಿಂದ ತಲೆಗೆ ತಾಗಿಸುವುದನ್ನು ಪ್ರತ್ಯೇಕ ಅಪರಾಧವೆಂದು ಅದು ಹೆಸರಿಸಿರಲೇ ಇಲ್ಲ. ಆ ಕೊರತೆ ಬಯಲಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್ ಅವರು ಬೋಸ್ಟನ್‌ನ ಮಾರ್ಕ್ ಸವಾರ್ಡ್ ಅವರ ತಲೆಗೆ ಬದಿಯಿಂದ ಬಡಿದರು. ಪೆನಾಲ್ಟಿಯೂ ಇಲ್ಲ, ನಿಷೇಧವೂ ಇಲ್ಲ. ಅದೇ ತಿಂಗಳು, ಎದುರಾಳಿಗೆ ಕಾಣದ ಬದಿಯಿಂದ ಬಂದು ತಲೆಯನ್ನೇ ಗುರಿಯಾಗಿಸುವುದನ್ನು ಲೀಗ್ ನಿಷೇಧಿಸಿತು. ಮರುವರ್ಷ ಆ ನಿಯಮವನ್ನು ವಿಸ್ತರಿಸಿ, ಹೊಡೆತ ಯಾವ ಬದಿಯಿಂದ ಬಂತು ಎಂಬ ಷರತ್ತನ್ನು ತೆಗೆದುಹಾಕಲಾಯಿತು. ಈಗ ಕೇಳುವ ಪ್ರಶ್ನೆಗಳು ಎರಡು: ಮುಖ್ಯವಾಗಿ ತಾಗಿದ್ದು ತಲೆಗೇ, ಮತ್ತು ಆ ತಾಗುವಿಕೆಯನ್ನು ತಪ್ಪಿಸಬಹುದಿತ್ತೇ?

ಇಂದಿನ ಈ ನಿಯಮದಡಿ ಲಿಂಡ್ರೋಸ್ ಪ್ರಕರಣ ಏನಾಗುತ್ತಿತ್ತು? ಮೊದಲ ಪ್ರಶ್ನೆಗೆ ಹೌದೆನ್ನದೆ ಬೇರೆ ದಾರಿ ನನಗೆ ತೋರುವುದಿಲ್ಲ. ಎರಡನೆಯದರಲ್ಲಿ ವಾದಕ್ಕೆ ಎಡೆಯಿದೆ; ಡಿಕ್ಕಿಗೆ ಮೊದಲೇ ಎದುರಾಳಿ ತಾನಾಗಿ ಬಗ್ಗಿ, ತಲೆಗೆ ತಾಗದೆ ಗತಿಯಿಲ್ಲವೆಂಬ ಭಂಗಿಗೆ ಬಂದಿದ್ದನೇ ಎಂಬುದನ್ನೂ ನಿಯಮ ಪರಿಗಣಿಸುತ್ತದೆ. ‘ತಲೆ ಎತ್ತಿ ಆಡು’ ಎಂದು ಅಲ್ಲಿನ ತರಬೇತುದಾರರು ಎಳೆಯರಿಗೆ ಹೇಳಿಕೊಡುವ ಪಾಠವೂ ಇದೇ. ಆದರೆ ಸ್ಟೀವನ್ಸ್ ಎದುರಾಳಿಯನ್ನು ಮುಂಚಿತವಾಗಿಯೇ ನೋಡುತ್ತಿದ್ದರು, ಬರುವ ಕೋನವನ್ನು ಆರಿಸಿಕೊಂಡವರೂ ಅವರೇ. ಎದೆಯ ಮೂಲಕ ಹಾದು ಹೋಗಬಹುದಾಗಿದ್ದ ಭುಜ ದವಡೆಯನ್ನು ಹುಡುಕಿತು. ಆದ್ದರಿಂದ ಇಂದು ತೀರ್ಪು ನನ್ನ ಕೈಯಲ್ಲಿದ್ದರೆ ನಾನು ಪೆನಾಲ್ಟಿಯನ್ನೇ ಕೊಡುತ್ತಿದ್ದೆ.

ಹೀಗಿರುವಾಗ, ಸ್ಟೀವನ್ಸ್ ಅಂದು ತಪ್ಪಿಸಿಕೊಂಡ ಅಪರಾಧಿ ಎಂಬ ತಮ್ಮ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಬರೆದಿರದ ನಿಯಮವನ್ನು ಅವರು ಮುರಿಯಲಿಲ್ಲ. ಬರೆಯಬೇಕಾಗಿದ್ದವರು ಬರೆದಿರಲಿಲ್ಲ, ಲಿಂಡ್ರೋಸ್ ಅದಕ್ಕೂ ಮೊದಲೇ ಹಲವು ಸಲ ತಲೆಗೆ ಪೆಟ್ಟು ತಿಂದು ಹಿಂದಿನ ಪಂದ್ಯದಲ್ಲಷ್ಟೇ ಮರಳಿದ್ದರು ಎಂಬುದು ತಿಳಿದಿದ್ದೂ ಬರೆದಿರಲಿಲ್ಲ. ನನಗೆ ಸಿಟ್ಟು ಬರುವುದು ನಿಯಮ ಬರೆಯದೆ ಉಳಿದ ಅವರ ಮೇಲೆ.

ತಪ್ಪು ನಮ್ಮದೂ ಇದೆ. ‘ನಿಯಮದೊಳಗಿನ’ ಎಂದರೆ ಸಾಕಾಗಿದ್ದ ಕಡೆ ‘ಕಳಂಕವಿಲ್ಲದ’ ಎಂದು ಬರೆದೆವು. ಮೊದಲನೆಯದು ಪುಸ್ತಕ ನೋಡಿ ಹೇಳುವ ಮಾತು. ಎರಡನೆಯದು ಬಿದ್ದವನನ್ನು ನೋಡದೆ ಆಡಿದ ಮಾತು. ಈ ಸಂಚಿಕೆಯ ತಿದ್ದುಪಡಿಯಲ್ಲಿ ಆ ಸಾಲನ್ನು ‘ಅಂದಿನ ನಿಯಮದೊಳಗಿನ ಡಿಕ್ಕಿ’ ಎಂದು ಬದಲಿಸಿದ್ದೇವೆ.

– ಸಂಪಾದಕ