ಮಾತ್ರೆ ಎಸೆದರೆ ಕಥೆ ಮುಗಿಯುತ್ತದೆಯೇ?

ಮಾನ್ಯರೇ,

ನಿಮ್ಮ ಕಥೆಯನ್ನು ಗಮನವಿಟ್ಟು ಓದಿದೆ; ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಫಿಟ್ಸ್‌ಗೆಂದು ವರ್ಷಗಳಿಂದ ಕಾರ್ಬಮಜೆಪೈನ್ ನುಂಗುತ್ತಿರುವ ಶಿಕ್ಷಕಿಗೆ ಜ್ವರ, ಕೀಲುನೋವು ಶುರುವಾಗುತ್ತವೆ. ಅದು ಆ ಔಷಧಿಯಿಂದಲೇ ಬಂದ ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ರೋಗ, ಎಂದು ತಿಳಿದ ರಾತ್ರಿ ಆಕೆ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದು, ಮರುವಾರವೇ ಗುಣವಾಗುತ್ತಾಳೆ.

ಊದಿದ ಬೆರಳುಗಳಲ್ಲಿ ಸೀಮೆಸುಣ್ಣ ನಿಲ್ಲದೆ, ಮುಂದಿನ ಬೆಂಚಿನ ಹುಡುಗಿಯಿಂದ ಬೋರ್ಡಿನ ಮೇಲೆ ತಾರೀಖು ಬರೆಸುವ ಭಾಗ ಸೊಗಸಾಗಿದೆ. ಅದರ ಒಂದಕ್ಷರವನ್ನೂ ಬದಲಿಸಬೇಡಿ.

ತೊಂದರೆ ಇರುವುದು ಆ ಚರಂಡಿಯ ದೃಶ್ಯದಲ್ಲಿ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದಲೇ ವೈದ್ಯರು ಬೇರೊಂದು ಔಷಧಿಯ ಆಸರೆ ಕೊಟ್ಟು ಮೊದಲಿನದನ್ನು ಬಿಡಿಸುತ್ತಾರೆ. ಬಿಟ್ಟ ಮೇಲೂ ನೋವು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಕಾಪಾಡುತ್ತಿರುವ ಮಾತ್ರೆಯೇ ಕಾಡುತ್ತಿದೆ, ಆದರೂ ಈ ರಾತ್ರಿ ಅದನ್ನು ನುಂಗಲೇಬೇಕು ಎಂಬ ಇಕ್ಕಟ್ಟು ನಿಮ್ಮ ಕೈಯಲ್ಲಿದ್ದಾಗ, ಅದನ್ನು ಒಂದು ವೀರಾವೇಶದ ಸನ್ನೆಗೆ ಬಲಿಕೊಟ್ಟಿದ್ದೀರಿ. ಮೂರ್ಛೆರೋಗವಿರುವ ಓದುಗರು ಅದನ್ನು ನಂಬಿ ಹಾಗೆಯೇ ಮಾಡಿದರೆ ಹೊಣೆ ನಮ್ಮದೂ ಆಗುತ್ತದೆ.

ನಿಮ್ಮ ಡಾಕ್ಟರು ಲೂಪಸ್ ಅನುಮಾನವಿದ್ದಾಗ ಮಾಡಿಸುವ ಎ.ಎನ್.ಎ. ಎಂಬ ರಕ್ತಪರೀಕ್ಷೆಯ ಒಂದೇ ಒಂದು ರಿಪೋರ್ಟು ನೋಡಿ ತೀರ್ಪು ಕೊಡುವುದೂ ಒಪ್ಪುವ ಮಾತಲ್ಲ. ಲೂಪಸ್ ಇಲ್ಲದೆಯೂ ಇಂಥ ಮಾತ್ರೆ ತೆಗೆದುಕೊಳ್ಳುವ ಹಲವರಲ್ಲಿ ಆ ಪರೀಕ್ಷೆ ಪಾಸಿಟಿವ್ ಬರುತ್ತದೆ. ಔಷಧಿಯಿಂದ ಬಂದ ಲೂಪಸ್‌ನ ಗುರುತೆಂದು ನೋಡುವ, ಹಿಸ್ಟೋನ್ ಎಂಬ ಜೀವಕೋಶದ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಸಾಮಾನ್ಯ ಲೂಪಸ್‌ನಲ್ಲಿಯೂ ಸಿಗುತ್ತವೆ. ಅದಕ್ಕಿಂತ ಕಠಿಣವಾದ ಅನುಮಾನವೊಂದಿದೆ: ಲೂಪಸ್ ಮೆದುಳನ್ನು ತಟ್ಟಿದರೆ ಫಿಟ್ಸ್ ಬರಬಹುದಾದ್ದರಿಂದ, ಆಕೆಗೆ ಮೊದಲಿನಿಂದಲೂ ಇದ್ದದ್ದು ಲೂಪಸ್ಸೇ ಇರಬಹುದಲ್ಲವೇ? ಔಷಧಿ ಬದಲಿಸಿ ಕಾದು ನೋಡಿದ ಮೇಲಷ್ಟೇ ಉತ್ತರ ಸ್ಪಷ್ಟವಾಗುವ ಈ ಪ್ರಶ್ನೆ ನಿಮ್ಮ ಕಥೆಯಲ್ಲಿ ಎಲ್ಲಿಯೂ ಏಳುವುದಿಲ್ಲ.

ಕಿಡ್ನಿ ಕೈಕೊಡುವ ಪ್ರಸಂಗವನ್ನು ಕೈಬಿಡಿ; ಔಷಧಿಯಿಂದ ಬರುವ ಲೂಪಸ್‌ನಲ್ಲಿ ಅದು ಅಪರೂಪ. ಉಸಿರೆಳೆದಾಗ ಪಕ್ಕೆ ಚುಚ್ಚುವ ನೋವು ಇದಕ್ಕಿಂತ ನಿಜವೆನಿಸುತ್ತದೆ, ಪಾಠ ಮಾಡುವವಳಿಗಂತೂ ಅದು ಸಣ್ಣ ಸಂಗತಿಯಲ್ಲ. 1945ರಲ್ಲಿ ಸಲ್ಫಾಡಯಾಜಿನ್ ಎಂಬ ಔಷಧಿಯಿಂದ ಇಂಥ ಪ್ರಕರಣ ವರದಿಯಾದ ಮಾಹಿತಿ ಸರಿಯಿದ್ದರೂ, ಡಾಕ್ಟರ ಬಾಯಲ್ಲಿ ಅದು ಪರೀಕ್ಷೆಯ ಉತ್ತರದಂತೆ ಕೇಳಿಸುತ್ತದೆ.

ತಿದ್ದಿದ ಪ್ರತಿಯನ್ನು ನರರೋಗ ತಜ್ಞರೊಬ್ಬರಿಗೆ ತೋರಿಸಿದ ನಂತರ ನಮಗೆ ಕಳುಹಿಸಿ, ಖಂಡಿತ ಓದುತ್ತೇನೆ.

ಇತಿ,
ಸಂಪಾದಕ